ಬೆಳ್ಳಿ ನ್ಯಾನೋ ಕಣ: ಮಾಡಿ ಬೆರೆಸೋದಾ, ಪಾಲಿಮರ್ ಒಳಗೇ ಹುಟ್ಟಿಸೋದಾ?

ಬಳ್ಳಾರಿಯಲ್ಲಿ ಎಂಎಸ್ಸಿ ಪ್ರಾಜೆಕ್ಟ್‌ಗೆ ವಿದ್ಯುತ್ ಹರಿಯುವ ಪಾಲಿಮರ್ (ಸಣ್ಣ ಅಣುಗಳು ಸರಪಳಿಯಂತೆ ಜೋಡಿಕೊಂಡ ವಸ್ತು) ಆರಿಸಿಕೊಂಡಿದ್ದೀರಾ? ಅದರೊಳಗೆ ಬೆಳ್ಳಿಯ ನ್ಯಾನೋ ಕಣ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣ, ಸೇರಿಸಲು ದಾರಿ ಎರಡಿವೆ.

ಬೆಳ್ಳಿ ಕಣ ಮೊದಲೇ ಮಾಡಿಟ್ಟು ಪಾಲಿಮರ್‌ಗೆ ಬೆರೆಸಬಹುದು. ಐಸ್‌ನಲ್ಲಿಟ್ಟ ಸೋಡಿಯಂ ಬೋರೋಹೈಡ್ರೈಡ್ (ಬೆಳ್ಳಿಯ ಲವಣವನ್ನು ಲೋಹದ ಬೆಳ್ಳಿಯಾಗಿಸುವ ರಾಸಾಯನಿಕ) ದ್ರಾವಣಕ್ಕೆ ಸಿಲ್ವರ್ ನೈಟ್ರೇಟ್ ಎಂಬ ಬೆಳ್ಳಿಯ ಲವಣದ ದ್ರಾವಣವನ್ನು ಹನಿ ಹನಿಯಾಗಿ ಬಿಟ್ಟರೆ ತಿಳಿ ಹಳದಿ ಬಣ್ಣ ಬರುತ್ತದೆ. 400 ನ್ಯಾನೋಮೀಟರ್ ಆಸುಪಾಸಿನಲ್ಲಿ ಬೆಳಕು ಹೀರಿದರೆ ಕಣ ಆಗಿದೆ ಅಂತ ಅರ್ಥ. ಗಾತ್ರ ನಮ್ಮ ಕೈಯಲ್ಲಿರುತ್ತದೆ. ಆದರೆ ಬೆರೆಸುವಾಗ ಸರಿಯಾಗಿ ತಿರುವದ ಉಪ್ಪಿಟ್ಟಿನ ಹಾಗೆ ಗಂಟು ಕಟ್ಟುತ್ತದೆ. ನಮ್ಮ ಏಪ್ರಿಲ್ ಬಿಸಿಲಲ್ಲಿ ಐಸ್ ನಿಲ್ಲೋದೇ ಕಷ್ಟ, ಅಲ್ವಾ?

ಇನ್ನೊಂದು, ಪಾಲಿಮರ್ ಆಗಬಲ್ಲ ಪೈರೋಲ್ ಎಂಬ ದ್ರವಕ್ಕೆ ಸಿಲ್ವರ್ ನೈಟ್ರೇಟ್ ನೇರವಾಗಿ ಸೇರಿಸುವುದು. ಪೈರೋಲ್ ಪಾಲಿಮರ್ ಆಗುತ್ತಾ ಹೋಗುತ್ತದೆ, ಬೆಳ್ಳಿ ಅದರೊಳಗೇ ಕಣವಾಗಿ ಕೂರುತ್ತದೆ. ಕೆಲಸ ನಿಧಾನ, ಗಾತ್ರದ ಮೇಲೆ ಹಿಡಿತ ಕಡಿಮೆ. ಆದರೂ ಕಣಗಳು ಚೆನ್ನಾಗಿ ಹರಡುತ್ತವೆ. ಮೊದಲ ಸಲ ಮಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಯಾವ ದಾರಿ ಹಿಡಿದರೂ ಬೋರ್ ನೀರು ಮಾತ್ರ ಬೇಡ. ಒಮ್ಮೆ ಬೀಕರನ್ನು ಅದರಲ್ಲಿ ತೊಳೆದು ಹಾಗೇ ಬಳಸಿದ್ದೆ. ಸಿಲ್ವರ್ ನೈಟ್ರೇಟ್ ಬಿದ್ದ ಕೂಡಲೇ ನೀರುಮಜ್ಜಿಗೆಯ ಹಾಗೆ ಬೆಳ್ಳಗಾಯಿತು. ನೀರಿನ ಕ್ಲೋರೈಡ್ ಬೆಳ್ಳಿಯನ್ನು ಹಿಡಿದುಬಿಟ್ಟಿತ್ತು. ಡಿಸ್ಟಿಲ್ಡ್ ವಾಟರ್‌ನಲ್ಲಿ ಮೂರು ಸಲ ತೊಳೆಯಿರಿ. ಆಸಿಡ್ ಬೇಕಾದರೂ ಹೈಡ್ರೋಕ್ಲೋರಿಕ್ ಬೇಡ, ಅದರಲ್ಲೂ ಕ್ಲೋರೈಡ್ ಇದೆ; ನೈಟ್ರಿಕ್ ಆಸಿಡ್ ತೆಗೆದುಕೊಳ್ಳಿ.