ಅಮ್ಮನ ಹಿಮ್ಮಡಿಗೆ ಒಪ್ಪಿದ ಶೂ

ಬೆಳಿಗ್ಗೆ ಹಾಸಿಗೆಯಿಂದಿಳಿದು ಮೊದಲ ಹೆಜ್ಜೆ ಇಟ್ಟೊಡನೆ ಹಿಮ್ಮಡಿಯಲ್ಲಿ ಮುಳ್ಳು ಚುಚ್ಚಿದಂತಾಗುತ್ತದೆ ಎನ್ನುತ್ತಿದ್ದ ಅಮ್ಮನಿಗಾಗಿ ಮೂರು ತಿಂಗಳ ಹಿಂದೆ ಮೈಸೂರಿನ ಅಂಗಡಿಯೊಂದರಲ್ಲಿ ಈ ನಡಿಗೆಯ ಶೂ ಕೊಂಡೆವು. ಸಂಜೆಯ ಹೊತ್ತಿಗೆ ಪಾದ ತುಸು ಊದಿರುವುದರಿಂದ ಆಗಲೇ ಅಳತೆ ನೋಡಬೇಕೆಂದ ಅಂಗಡಿಯವರು, ಅಮ್ಮನನ್ನು ನಿಲ್ಲಿಸಿ, ಎರಡೂ ಪಾದಗಳನ್ನು ಅಳೆದು, ಹೆಬ್ಬೆರಳಿನ ಮುಂದೆ ಅರ್ಧ ಇಂಚು ಜಾಗ ಉಳಿಯುವ ಜೋಡಿಯನ್ನೇ ಕೊಟ್ಟರು. ಇಂಥ ತಾಳ್ಮೆ ಈಗ ಅಪರೂಪ. ಹಿಮ್ಮಡಿಯ ಕಡೆ ಗಟ್ಟಿಯಾಗಿದ್ದು, ಬೆರಳುಗಳ ಬುಡದಲ್ಲಿ ಮಾತ್ರ ಬಾಗುವ ಅಟ್ಟೆಯೇ ಇದರ ನಿಜವಾದ ಗುಣ. ವೈದ್ಯರು ಹೇಳಿಕೊಟ್ಟ ಮೀನಖಂಡದ ವ್ಯಾಯಾಮವನ್ನೂ ಅಮ್ಮ ಬಿಡದೆ ಮಾಡುತ್ತಿರುವುದರಿಂದ ಶ್ರೇಯಸ್ಸೆಲ್ಲ ಶೂಗೇ ಸಲ್ಲದಾದರೂ, ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ ಬೇಕೆಂಬ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕವನ್ನು ಅವರೀಗ ಕುಕ್ಕರಹಳ್ಳಿ ಕೆರೆಯ ದಡದಲ್ಲಿ ನೋವಿಲ್ಲದೆ ಮುಟ್ಟುತ್ತಿದ್ದಾರೆ. ಮಳೆಯಲ್ಲಿ ನೆನೆದರೆ ಮಾತ್ರ ಒಣಗಲು ಎರಡು ದಿನ ಬೇಕು.