ಟರ್ಬೊ ಕಿಟ್ಟಾ, ಟ್ಯೂನಿಂಗ್ ಬಾಕ್ಸಾ, ರಿಮ್ಯಾಪಾ: ಮೂರೂ ಓಡಿಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡ್ತೇನೆ, ನನ್ನ ಓಟು ರಿಮ್ಯಾಪಿಗೆ. ಟರ್ಬೊ (ಎಗ್ಸಾಸ್ಟಿನ ರಭಸಕ್ಕೆ ತಿರುಗಿ ಎಂಜಿನ್ನಿಗೆ ಜಾಸ್ತಿ ಗಾಳಿ ತುಂಬುವ ಫ್ಯಾನ್) ಇದ್ದೇ ಬರುವ ಹ್ಯಾಚ್‌ಬ್ಯಾಕಿನ ಇಸಿಯು, ಅಂದ್ರೆ ಎಂಜಿನ್ ನಡೆಸುವ ಕಂಪ್ಯೂಟರಿನ ಪ್ರೋಗ್ರಾಂ ಬದಲಾಯಿಸಿ ರಿಮ್ಯಾಪ್ ಮಾಡಿಸೋದು, ಅದಕ್ಕೇ ಟ್ಯೂನಿಂಗ್ ಬಾಕ್ಸ್ ಸಿಕ್ಕಿಸೋದು, ಇಲ್ಲಾಂದ್ರೆ ಟರ್ಬೊ ಇಲ್ಲದ ಗಾಡಿಗೆ ಕಿಟ್ ತಂದು ಕೂರಿಸೋದು, ಮೂರೂ ನಮ್ಮ ಮನೆಯಲ್ಲೇ ಆಗಿದೆ. ನನ್ನದು ಪೋಲೊ ಜಿಟಿ ಟಿಎಸ್‌ಐ, ಹಳೇ 1.2 ಎಂಜಿನ್ನಿಂದು. ಭಾವನದ್ದು ಸ್ವಿಫ್ಟ್ ಪೆಟ್ರೋಲ್. ನಮ್ಮ ಕಾಸರಗೋಡಿನ ಬದಿಯಡ್ಕ-ಪೆರ್ಲ ರೋಡಲ್ಲಿ, ಮಂಗ್ಳೂರು ಹೈವೇಯಲ್ಲಿ, ಸಂಪಾಜೆ ಘಾಟಿಯಲ್ಲಿ ಎರಡನ್ನೂ ಬೇಕಾದಷ್ಟು ಓಡಿಸಿದ್ದೇನೆ.

ಬಾಕ್ಸಿನ ಬಗ್ಗೆ ಜಾಸ್ತಿ ಹೇಳ್ಲಿಕ್ಕಿಲ್ಲ. ಬೂಸ್ಟ್ (ಟರ್ಬೊ ಒತ್ತಿ ಕಳಿಸುವ ಗಾಳಿಯ ಪ್ರೆಶರ್) ಅಳೆಯುವ ಸೆನ್ಸರಿನ ವಯರಿನ ಮಧ್ಯೆ ಕೂತು ಇಸಿಯುಗೆ ಇರುವುದಕ್ಕಿಂತ ಕಮ್ಮಿ ಪ್ರೆಶರ್ ತೋರಿಸ್ತದೆ, ಇಸಿಯು ಅದನ್ನೇ ನಂಬಿ ಬೂಸ್ಟ್ ಏರಿಸ್ತದೆ, ಅಷ್ಟೇ ಕೆಲಸ. ಸರ್ವಿಸಿಗೆ ಬಿಡುವ ಮೊದಲು ಮನೆಯಲ್ಲೇ ಬಿಚ್ಚಿ ಇಡಬಹುದು, ಅದೊಂದು ಒಳ್ಳೇದು. ಆದ್ರೆ ಇಗ್ನಿಶನ್ ಟೈಮಿಂಗ್, ಥ್ರಾಟಲ್, ಗೇರ್ ಬಾಕ್ಸಿನ ಲೆಕ್ಕ ಎಲ್ಲ ಹಳೇದೇ ಇರ್ತದಲ್ಲ, ಅರ್ಧ ಆಕ್ಸಿಲರೇಟರಲ್ಲಿ ಓವರ್‌ಟೇಕ್ ಮಾಡುವಾಗ ಗಾಡಿ ಒಮ್ಮೆ ತಡವರಿಸಿ ಮತ್ತೆ ಜಗ್ತದೆ, ಅದು ನನಗೆ ಹಿಡಿಸಲಿಲ್ಲ. ಬಾಕ್ಸ್ ಮಾರಿದೆ.

ಈಗ ಭಾವನ ಸ್ವಿಫ್ಟಿಗೆ ಕೂರಿಸಿದ ಕಿಟ್. ಎಳೆತ ಸುಳ್ಳಲ್ಲ, ಮೂರನೇ ಗೇರಲ್ಲಿ ಆ ಸ್ವಿಫ್ಟ್ ಬೇರೆಯೇ ಗಾಡಿ. ಆದ್ರೆ ಆ ಹೊಗೆ ಉಂಟಲ್ಲ! ರೈಲ್ವೆ ಗೇಟಲ್ಲೋ ಸಿಗ್ನಲಲ್ಲೋ ಸ್ವಲ್ಪ ಹೊತ್ತು ಐಡಲಲ್ಲಿ ನಿಂತು ಹೊರಟ್ರೆ ಹಿಂದಿನಿಂದ ನೀಲಿ ಹೊಗೆ, ಬೈಕಿನವರು ಮುಖ ಮುಚ್ಚಿಕೊಳ್ಳುವಷ್ಟು. ಓಡ್ತಾ ಇದ್ರೆ ಎಂತದೂ ಇಲ್ಲ. ಕೂರಿಸಿದ ಶಾಪಿನವರು ಮೊದಲು ಪಿಸ್ಟನ್ ರಿಂಗ್ ಹೋಗಿದೆ ಅಂದ್ರು, ಕಂಪ್ರೆಶನ್ ಟೆಸ್ಟ್ ಮಾಡಿಸಿದ್ರೆ ನಾಲ್ಕೂ ಸಿಲಿಂಡರ್ ಸಮ ಸಮ, ಅಂದ್ರೆ ರಿಂಗ್ ಸರಿಯೇ ಉಂಟು. ಮತ್ತೆ ಟರ್ಬೊದ ಸೀಲ್ ಅಂದ್ರು, ಭಾವ ಕೈಯಿಂದ ದುಡ್ಡು ಹಾಕಿ ಬೇರೆ ಟರ್ಬೊ ತರಿಸಿದ, ಅದೂ ಹಾಗೇ ಹೊಗೆ ಬಿಡ್ಲಿಕ್ಕೆ ಶುರು.

ತೊಂದರೆ ಇದ್ದದ್ದು ಆಯಿಲ್ ವಾಪಸ್ ಹೋಗುವ ಪೈಪಲ್ಲಿ. ಟರ್ಬೊದ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಮೇಲೆ ಸುತ್ತು ತಿರುಗ್ತದೆ, ಅದರ ಬೇರಿಂಗಿಗೆ ಎಂಜಿನ್ ಆಯಿಲ್ ಸಣ್ಣ ಪೈಪಲ್ಲಿ ಪ್ರೆಶರಿಂದ ಬರ್ತದೆ, ಹೋಗುವಾಗ ಮಾತ್ರ ಪ್ರೆಶರ್ ಇಲ್ಲ, ನೊರೆ ನೊರೆಯಾಗಿ ತನ್ನ ಭಾರಕ್ಕೇ ಇಳಿದು ಎಂಜಿನ್ನಿನ ಅಡಿಯ ಆಯಿಲ್ ತೊಟ್ಟಿಗೆ (ಸಂಪ್) ಬೀಳಬೇಕು. ಇವರು ಜಾಗ ಸಿಗಲಿಲ್ಲ ಅಂತ ಪೈಪನ್ನು ಅಡ್ಡಕ್ಕೆ ಎಳೆದು, ಮಧ್ಯೆ ಒಂದು ಬಗ್ಗು ಬಿಟ್ಟು, ಸಂಪಿನಲ್ಲಿ ಆಯಿಲ್ ಮಟ್ಟಕ್ಕಿಂತ ಕೆಳಗೆ ತೂತು ಮಾಡಿ ಜೋಡಿಸಿದ್ರು. ಅಡಕೆ ತೋಟದ ಕಣಿಗೆ ಇಳಿಜಾರು ಇಲ್ಲದಿದ್ರೆ ನೀರು ಬುಡದಲ್ಲೇ ನಿಲ್ತದಲ್ಲ, ಹಾಗೇ ಇದು. ಆಯಿಲ್ ಹಿಂದೆ ನಿಂತು ಟರ್ಬೊದೊಳಗೆ ತುಂಬಿ, ಸೀಲ್ ದಾಟಿ, ಬಿಸಿ ಎಗ್ಸಾಸ್ಟಿಗೆ ಸೇರಿ ಸುಡ್ತಾ ಇತ್ತು. ಸೀಲ್ ಹೊಸತಾದ್ರೂ ಒಂದೇ, ಹಳತಾದ್ರೂ ಒಂದೇ.

ಕೊನೆಗೆ ಬೇರೆ ಕಡೆ ಸಂಪ್ ಬಿಚ್ಚಿಸಿ, ಆಯಿಲ್ ಮಟ್ಟಕ್ಕಿಂತ ಮೇಲೆ ಹೊಸ ಬಾಯಿ ವೆಲ್ಡ್ ಮಾಡಿಸಿ, ದಪ್ಪ ಪೈಪ್ ಆದಷ್ಟು ನೇರ ಇಳಿಸಿದ ಮೇಲೆ ಹೊಗೆ ನಿಂತಿತು. ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರಿಗೆ ಆಯಿಲ್ ಹಿಡಿದಿಡುವ ಕ್ಯಾಚ್ ಕ್ಯಾನ್ ಕೂಡ ಹಾಕಿಸಿದ್ರು, ಯಾಕೆಂದ್ರೆ ಬೂಸ್ಟ್ ಇರುವಾಗ ಎಂಜಿನ್ನಿನ ಕೆಳಭಾಗದ ಕ್ರ್ಯಾಂಕ್‌ಕೇಸಲ್ಲಿ ಪ್ರೆಶರ್ ಏರಿದ್ರೂ ಆಯಿಲ್ ಇಳಿಯೋದಿಲ್ಲ. ಕಿಟ್ ಹಾಕಿಸುವ ಆಸೆ ಇದ್ದವರು ದಯವಿಟ್ಟು ಪವರ್ ಅಳೆದು ಕೊಡುವ ಡೈನೋ ಶೀಟ್ ನೋಡುವ ಮೊದಲು ಗಾಡಿ ಎತ್ತಿಸಿ ಆ ಪೈಪ್ ನೋಡಿ.

ಇಷ್ಟಾದ್ರೂ ಕಂಪ್ರೆಶನ್ ರೇಶಿಯೋದ (ಸಿಲಿಂಡರಲ್ಲಿ ಗಾಳಿ-ಪೆಟ್ರೋಲನ್ನು ಎಷ್ಟು ಪಟ್ಟು ಹಿಂಡ್ತದೆ ಅನ್ನುವ ಲೆಕ್ಕ) ವಿಷಯ ಹಾಗೇ ಉಳೀತು. ಆ ಸ್ವಿಫ್ಟಿದ್ದು 11:1, ಟರ್ಬೊ ಎಂಜಿನ್ನುಗಳಲ್ಲಿ ಸಾಮಾನ್ಯ 10ರ ಆಸುಪಾಸು, ಹಾಗಾಗಿ ನಾಕಿಂಗ್ (ಸಿಲಿಂಡರಲ್ಲಿ ಪೆಟ್ರೋಲ್ ತಾನಾಗಿ ಸಿಡಿಯೋದು) ಬಾರದ ಹಾಗೆ ಬೂಸ್ಟ್ ಕಮ್ಮಿಯೇ ಇಡಬೇಕು. ಜಾಸ್ತಿ ಬೇಕಾದ್ರೆ ಪಿಸ್ಟನ್ನಿಗೇ ಕೈ ಹಾಕಬೇಕು, ಖರ್ಚು ಅಲ್ಲಿಗೆ ನಿಲ್ಲುವುದಿಲ್ಲ.

ಕಾನೂನೂ ಉಂಟು. ಕಂಪೆನಿಯ ಒರಿಜಿನಲ್ ಸ್ಪೆಸಿಫಿಕೇಶನ್ನಿಗೆ ವಿರುದ್ಧವಾಗಿ ಗಾಡಿ ಬದಲಾಯಿಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದ್ದು ಕೇರಳದಿಂದಲೇ ಹೋದ ಕೇಸಲ್ಲಿ. ಕೊಯಮತ್ತೂರಿನ ಕರಿ ರೇಸ್ ಟ್ರ್ಯಾಕಿಗೆ ಅಂತಲೇ ಗಾಡಿ ಇಟ್ಟುಕೊಂಡವರಿಗೆ ಕಿಟ್ ಸರಿ. ದಿನಾ ರೋಡಲ್ಲಿ ಓಡಿಸುವ ನಮ್ಮ ಕಾಸರಗೋಡಿನ ಕೆಎಲ್ 14 ನಂಬರಿನ ಗಾಡಿಗೆ ಯಾಕೆ ಈ ತಲೆಬಿಸಿ? ಯಾವುದೇ ಮಾಡಿಸಿ, ಇನ್ಶೂರೆನ್ಸಿನವರಿಗೆ ಬರೆದು ತಿಳಿಸಿ.

ರಿಮ್ಯಾಪಲ್ಲಿ ನನಗೆ ಖುಷಿ ಕೊಟ್ಟದ್ದು ಪವರ್ ಅಲ್ಲ, ಅದು ಬರುವ ರೀತಿ. ಸ್ಟೇಜ್ 1, ಅಂದ್ರೆ ಪಾರ್ಟ್ಸ್ ಯಾವುದೂ ಬದಲಾಯಿಸದೆ ಪ್ರೋಗ್ರಾಂ ಮಾತ್ರ, ಮಾಡಿಸಿದ್ದು. ಪೋಲೊ ಕಂಪೆನಿಯಿಂದ ಬರುವಾಗಲೇ 105 ಪಿಎಸ್, 175 ಎನ್‌ಎಂ ಟಾರ್ಕ್ (ಎಳೆಯುವ ಶಕ್ತಿ), ಅದರ ಏಳು ಗೇರಿನ ಡ್ರೈ ಕ್ಲಚ್ ಆಟೊಮ್ಯಾಟಿಕ್ ಗೇರ್ ಬಾಕ್ಸ್ ಡಿಎಸ್‌ಜಿ ತಡೆಯುವುದು 250 ಎನ್‌ಎಂ ಮಟ್ಟಿಗೆ. ಅದಕ್ಕಿಂತ ಸಾಕಷ್ಟು ಕೆಳಗೇ ನಿಲ್ಲಿಸಿ, ಒಂದು-ಎರಡನೇ ಗೇರಲ್ಲಿ ಟಾರ್ಕ್ ಇನ್ನೂ ಕಮ್ಮಿ ಇಡಿ ಅಂತ ನಾನೇ ಕೂತು ಹೇಳಿದೆ, ಟ್ಯೂನ್ ಮಾಡಿದವರು ಗಾಡಿ ಓಡುವಾಗಿನ ರೆಕಾರ್ಡ್ (ಲಾಗ್) ತೋರಿಸಿ ತೋರಿಸಿ ಹಾಗೇ ಮಾಡಿಕೊಟ್ರು. ಸಂಪಾಜೆಯಲ್ಲಿ ಲಾರಿಯ ಹಿಂದೆ ಸಿಕ್ಕಿಬಿದ್ದಾಗ ಈಗ ಗೇರ್ ಇಳಿಸಲಿಕ್ಕೆ ಕಾಯುವ ಅಗತ್ಯವೇ ಇಲ್ಲ, ಕಾಲು ಒತ್ತಿದಷ್ಟೇ ಗಾಡಿ ಹೋಗ್ತದೆ. ಮ್ಯಾಪ್ (ಹೊಸ ಪ್ರೋಗ್ರಾಂ) 95 ಆಕ್ಟೇನಿನ ಪ್ರೀಮಿಯಂ ಪೆಟ್ರೋಲಿಗೆ ಬರೆದದ್ದು, ಅಡಕೆ ವ್ಯವಹಾರಕ್ಕೆ ಹೇಗೂ ಮಂಗ್ಳೂರಿಗೆ ಹೋಗಿಯೇ ಹೋಗ್ತೇನೆ, ಗಡಿಯ ತಲಪಾಡಿ ದಾಟಿದ್ರೆ ಪೆಟ್ರೋಲ್ ನಮ್ಮಲ್ಲಿಗಿಂತ ಅಗ್ಗ, ಅಲ್ಲೇ ಪ್ರೀಮಿಯಂ ಟ್ಯಾಂಕ್ ಫುಲ್.

ಸ್ಟೇಜ್ 2 ಮಾಡಿಸು, ಟರ್ಬೊದಿಂದ ಹೊರಡುವ ಎಗ್ಸಾಸ್ಟ್ ಪೈಪ್ (ಡೌನ್‌ಪೈಪ್) ಬದಲಾಯಿಸು ಅಂತ ಭಾವ ಈಗಲೂ ಹೇಳ್ತಾನೆ. ನನಗೆ ಬೇಡ. ಆ ದುಡ್ಡಿಗೆ ಒಳ್ಳೆ ಬ್ರೇಕ್ ಪ್ಯಾಡ್, ನಾಲ್ಕು ಹೊಸ ಟಯರ್ ಹಾಕಿಸಿದೆ, ಪೆರ್ಲದಿಂದ ಸಾರಡ್ಕಕ್ಕೆ ಹೋಗುವ ತಿರುವುಗಳಲ್ಲಿ ಮಳೆಗಾಲಕ್ಕೆ ನನಗೆ ಬೇಕಾದ್ದು ಅದು.