ಹೋಗುವ ದಾರಿಯನ್ನಷ್ಟೇ ಹೇಳುವ ಸೈಕಲ್ ಜಾಥಾಕ್ಕೆ ಹಣ ಕಟ್ಟುವ ಮುನ್ನ

ಸತ್ಕಾರ್ಯಕ್ಕೆ ನಿಧಿ ಕೂಡಿಸುವ ಸೈಕಲ್ ಜಾಥಾಗಳಿಗೆ ಹೆಸರು ಕೊಡುವವರೆಲ್ಲರೂ ಹಣ ಕಟ್ಟುವ ಮೊದಲೇ ಸಂಘಟಕರಿಂದ ಒಂದು ವಿಷಯವನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಜಾಥಾ ಒಂದು ಊರಿನಲ್ಲಿ ಹೊರಟು ಇನ್ನೊಂದು ಊರಿನಲ್ಲಿ ಮುಗಿಯುವುದಾದರೆ, ಅಲ್ಲಿಂದ ಸವಾರರನ್ನೂ ಅವರ ಸೈಕಲ್‌ಗಳನ್ನೂ ಮರಳಿ ತರುವವರು ಯಾರು, ಎಷ್ಟು ವಾಹನಗಳಲ್ಲಿ, ಎಷ್ಟು ಹೊತ್ತಿಗೆ ಎಂಬುದೇ ಆ ವಿಷಯ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ನಡೆದ ಜಾಥಾವೊಂದರಲ್ಲಿ ಈ ಪ್ರಶ್ನೆಗೆ ಉತ್ತರವೇ ಇಲ್ಲದೆ ಮುನ್ನೂರರಷ್ಟು ಜನ ಪಟ್ಟ ಪಾಡನ್ನು ನಾನು ಅವರ ನಡುವೆಯೇ ಇದ್ದು ಕಂಡಿದ್ದೇನೆ. ಅವರಲ್ಲಿ ಹೈಸ್ಕೂಲು ಮಕ್ಕಳೂ ಇದ್ದರು, ಅರವತ್ತು ದಾಟಿದ ಹಿರಿಯರೂ ಇದ್ದರು. ಸಂಘಟಕರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಸಂಘಟಕರು ಬೇರೆಯವರಾದರೂ ಇದೇ ಲೋಪ ಮತ್ತೊಂದು ಕಡೆ ಮರುಕಳಿಸಬಹುದು.

ಜೂನ್ 3ನ್ನು ವಿಶ್ವಸಂಸ್ಥೆಯು 2018ರಲ್ಲಿ ವಿಶ್ವ ಸೈಕಲ್ ದಿನವೆಂದು ಘೋಷಿಸಿತು. ಈ ಜಾಥಾವೂ ಆ ದಿನದ ನೆಪದಲ್ಲಿ ಜೂನ್ ತಿಂಗಳ ಒಂದು ಭಾನುವಾರಕ್ಕೆ ಗೊತ್ತಾಗಿತ್ತು. ಬಡ ರೋಗಿಗಳ ಡಯಾಲಿಸಿಸ್ ವೆಚ್ಚಕ್ಕೆ ಹಣ ಕೂಡಿಸುವುದು ಅದರ ಉದ್ದೇಶ. ಉದ್ದೇಶದ ಬಗ್ಗೆ ನನಗೆ ಅಂದೂ ಗೌರವವಿತ್ತು, ಇಂದೂ ಇದೆ. ವಾರಕ್ಕೆ ಎರಡು ಮೂರು ಸಲ ಯಂತ್ರದ ಪಕ್ಕದಲ್ಲಿ ಗಂಟೆಗಟ್ಟಲೆ ಮಲಗಬೇಕಾದ ರೋಗಿಯ ಮನೆಯವರಿಗೆ ಓಡಾಟದ ಖರ್ಚೇ ಎಷ್ಟಾಗುತ್ತದೆ ಎಂಬುದನ್ನು ಹತ್ತಿರದಿಂದ ಬಲ್ಲವರು ನಮ್ಮ ಬಡಾವಣೆಯಲ್ಲಿಯೇ ಇದ್ದಾರೆ. ಆದ್ದರಿಂದಲೇ ನಾನು, ನನ್ನ ಅಕ್ಕನ ಮಗ ಮತ್ತು ನೆರೆಹೊರೆಯ ಕೆಲವರು ಒಟ್ಟಾಗಿ ಹೆಸರು ಕೊಟ್ಟೆವು. ಕರಪತ್ರದಲ್ಲಿ ಟೀ ಶರ್ಟು, ಪದಕ, ಉಪಾಹಾರಗಳ ವಿವರವಿತ್ತು. ಕೊನೆಯ ಸಾಲಿನಲ್ಲಿ ‘ಮರಳುವ ವ್ಯವಸ್ಥೆ ಇದೆ’ ಎಂದಷ್ಟೇ ಇತ್ತು. ವಿವರ ಕೇಳಿ ಫೋನ್ ಮಾಡಿದವರಿಗೆಲ್ಲ ‘ಬಸ್ಸು, ಲಾರಿ ಎಲ್ಲ ಹೇಳಿದೀವಿ, ನೀವು ಆರಾಮಾಗಿ ಬರ್ರಿ ಸರ್’ ಎಂಬ ಉತ್ತರ ಸಿಕ್ಕಿತು.

ಹೋಗುವಾಗ ಹೇಳಿಕೊಳ್ಳುವಂಥ ತೊಂದರೆಯಾಗಲಿಲ್ಲ. ದಾವಣಗೆರೆಯಿಂದ ಆನಗೋಡು, ಭರಮಸಾಗರಗಳ ಮೇಲೆ ಹಾದು ಚಿತ್ರದುರ್ಗಕ್ಕೆ ಸುಮಾರು 60 ಕಿಲೋಮೀಟರ್. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದ್ದರೆ ಚಿತ್ರದುರ್ಗ ಸುಮಾರು 730 ಮೀಟರ್ ಎತ್ತರದಲ್ಲಿದೆ. ಈ ಏರು ದಾರಿಯುದ್ದಕ್ಕೂ ಹಂಚಿಹೋಗಿರುವುದರಿಂದ ಕಾಲಿಗೆ ಅಷ್ಟಾಗಿ ತಿಳಿಯುವುದಿಲ್ಲ. ಇದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವಿದೆ. ಮುಂಗಾರಿನ ಗಾಳಿ ಈ ಸೀಮೆಯಲ್ಲಿ ಪಶ್ಚಿಮ ಮತ್ತು ನೈಋತ್ಯದಿಂದ ಬೀಸುತ್ತದೆ, ನಾವು ಹೋಗುವ ದಿಕ್ಕು ಪೂರ್ವ ಆಗ್ನೇಯ; ಹೀಗಾಗಿ ಜೂನ್‌ನಿಂದ ಆಗಸ್ಟ್‌ವರೆಗೆ ಚಿತ್ರದುರ್ಗದ ಕಡೆ ಹೋಗುವ ಸವಾರನಿಗೆ ಗಾಳಿ ಬೆನ್ನ ಹಿಂದಿರುತ್ತದೆ. ಜೋಗಿಮಟ್ಟಿಯ ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸಾಲಾಗಿ ನಿಲ್ಲಿಸಿರುವುದು ಸುಮ್ಮನಲ್ಲ. ಹೋಗುವಾಗ ಕೈಹಿಡಿದ ಈ ಗಾಳಿಯೇ ಬರುವಾಗ ಎದೆಗೆ ಒತ್ತುತ್ತದೆ ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಮುಂದಿನ ಅನಾಹುತಕ್ಕೆ ಅದೂ ಒಂದು ಕಾರಣವಾಯಿತು.

ಹನ್ನೊಂದು ಗಂಟೆಯ ಸುಮಾರಿಗೆ ಬಹುತೇಕ ಎಲ್ಲರೂ ಚಿತ್ರದುರ್ಗ ಸೇರಿದೆವು. ಭಾಷಣ, ಪದಕ, ಫೋಟೋಗಳು ಮುಗಿದ ಮೇಲೆ ನೋಡಿದರೆ ಸೈಕಲ್ ಸಾಗಿಸಲು ನಿಂತಿದ್ದವು ಎರಡು ತೆರೆದ ಲಾರಿಗಳು.

ಇಲ್ಲಿ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುವುದು ಅಗತ್ಯ, ಏಕೆಂದರೆ ಈ ಲೆಕ್ಕವನ್ನು ಯಾರು ಬೇಕಾದರೂ ಮೊದಲೇ ಹಾಕಬಹುದು. ಒಂದು ಸೈಕಲ್ಲಿನ ಉದ್ದ ಐದೂವರೆಯಿಂದ ಆರು ಅಡಿ. 22 ಅಡಿ ಉದ್ದ, 7 ಅಡಿ ಅಗಲದ ಲಾರಿಯಲ್ಲಿ ಸೈಕಲ್‌ಗಳನ್ನು ಅಡ್ಡಲಾಗಿ, ಒಂದರ ಮುಂದಿನ ಚಕ್ರದ ಪಕ್ಕಕ್ಕೆ ಇನ್ನೊಂದರ ಹಿಂದಿನ ಚಕ್ರ ಬರುವಂತೆ ತಿರುಗಿಸಿ ನಿಲ್ಲಿಸಿದರೆ ಒಂದೊಂದಕ್ಕೂ ಹೆಚ್ಚುಕಡಿಮೆ ಒಂದು ಅಡಿ ಜಾಗ ಬೇಕು. ಅಂದರೆ ಇಪ್ಪತ್ತರ ಆಸುಪಾಸು. ನಡುವೆ ಹಲಗೆಯ ಅಟ್ಟ ಕಟ್ಟಿ ಮೇಲೊಂದು ಸಾಲು ನಿಲ್ಲಿಸಿದರೆ ನಲವತ್ತು. ಮುನ್ನೂರು ಸೈಕಲ್‌ಗಳಿಗೆ ಅಟ್ಟ ಕಟ್ಟಿದ ಎಂಟು ಲಾರಿಗಳಾದರೂ ಬೇಕು, ಇಲ್ಲವೇ ದೊಡ್ಡ ಮುಚ್ಚಿದ ಕಂಟೇನರ್‌ಗಳು ಬೇಕು. ಹಗ್ಗ ಕಟ್ಟಿ, ನಡುವೆ ಗೋಣಿಚೀಲವೋ ರಟ್ಟೋ ಇಟ್ಟು ಏರಿಸಲು ಸೈಕಲ್ಲೊಂದಕ್ಕೆ ಒಂದೆರಡು ನಿಮಿಷವೆಂದರೂ ಒಂದು ಲಾರಿ ತುಂಬಲು ಒಂದು ತಾಸು ಹಿಡಿಯುತ್ತದೆ. ‘ಇನ್ನೊಂದು ಟ್ರಿಪ್ ಬರ್ತೈತ್ರಿ ಸರ್, ಸ್ವಲ್ಪ ತಡ್ಕೊಳ್ರಿ’ ಎಂದು ಸ್ವಯಂಸೇವಕರು ಹೇಳುತ್ತಲೇ ಇದ್ದರು. ತುಂಬುವುದು, 60 ಕಿಲೋಮೀಟರ್ ಹೋಗುವುದು, ಇಳಿಸುವುದು, ಮತ್ತೆ 60 ಕಿಲೋಮೀಟರ್ ಬರುವುದು ಇಷ್ಟನ್ನೂ ಕೂಡಿಸಿದರೆ ಎರಡನೆಯ ಟ್ರಿಪ್ ಐದು ತಾಸಿನೊಳಗೆ ಬರುವುದು ಸಾಧ್ಯವೇ ಇರಲಿಲ್ಲ. ಪಾಪ, ಆ ಹುಡುಗರಿಗೆ ಯಾರೂ ಇದನ್ನು ಹೇಳಿರಲಿಲ್ಲ. ಎಲ್ಲರ ಸಿಟ್ಟು ಮಾತ್ರ ಅವರ ಮೇಲೆಯೇ ಬಿತ್ತು.

ಕೊನೆಗೆ ಆದದ್ದೇನೆಂದರೆ, ಜನ ಗಲಾಟೆ ಮಾಡಿದಂತೆಲ್ಲ ಸೈಕಲ್‌ಗಳನ್ನು ಸೌದೆ ಒಟ್ಟಿದ ಹಾಗೆ ಒಂದರ ಮೇಲೊಂದು ಮಲಗಿಸಿ ಎರಡೂ ಲಾರಿಗಳನ್ನು ತುಂಬಿದರು. ಗೇರಿನ ಸೈಕಲ್ಲಿನ ಬಲಭಾಗವನ್ನು ಕೆಳಗೆ ಮಾಡಿ ಮಲಗಿಸಬಾರದು ಎಂದು ಸೈಕಲ್ ರಿಪೇರಿಯ ಯಾವ ಅಂಗಡಿಯವರನ್ನು ಕೇಳಿದರೂ ಹೇಳುತ್ತಾರೆ. ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರ್ ಮತ್ತು ಅದು ತೂಗುವ ಕೊಂಡಿಯಾದ ಹ್ಯಾಂಗರ್ ಆ ಬದಿಯಲ್ಲಿರುತ್ತವೆ. ಹ್ಯಾಂಗರನ್ನು ಸಾಮಾನ್ಯವಾಗಿ ಮೆದು ಅಲ್ಯೂಮಿನಿಯಂನಿಂದ ಮಾಡಿರುವುದರಿಂದ ಸಣ್ಣ ಒತ್ತಡಕ್ಕೂ ಬಾಗುತ್ತದೆ, ಬಾಗಿದ್ದನ್ನು ಗಮನಿಸದೆ ದೊಡ್ಡ ಹಲ್ಲಿನ ಗೇರಿಗೆ ಬದಲಿಸಿದರೆ ಡಿರೇಲರ್ ಹಿಂದಿನ ಚಕ್ರದ ಕಡ್ಡಿಗಳಿಗೆ ಸಿಕ್ಕಿ ಸವಾರನನ್ನು ಕೆಡವಬಹುದು. ಡಿಸ್ಕ್ ಬ್ರೇಕಿನ ರೋಟರ್ ಎಂಬ ತೆಳು ತಟ್ಟೆಗಳ ಕಥೆಯೂ ಇದೇ. ಅಕ್ಕನ ಮಗನ ಸೈಕಲ್ಲಿನ ಹ್ಯಾಂಗರ್ ಬಾಗಿ, ಎರಡು ಕಡ್ಡಿಗಳು ಮುರಿದು ಬಂದವು. ಟ್ಯೂಷನ್ ಹೇಳಿ ಕೂಡಿಟ್ಟ ಹಣದಲ್ಲಿ ಅವನು ಅದನ್ನು ಕೊಂಡಿದ್ದ.

ಸವಾರರ ಎದೆಗೆ ಸಂಖ್ಯೆಯ ಚೀಟಿ ಕೊಟ್ಟಿದ್ದ ಸಂಘಟಕರು ಅದೇ ಸಂಖ್ಯೆಯನ್ನು ಸೈಕಲ್ಲಿಗೆ ಕಟ್ಟಿರಲಿಲ್ಲ. ಏರಿಸುವಾಗ ಪಟ್ಟಿ ಬರೆಯಲಿಲ್ಲ, ರಸೀದಿ ಕೊಡಲಿಲ್ಲ. ಲಾರಿಗಳು ರಾತ್ರಿ ದಾವಣಗೆರೆಗೆ ಬಂದು, ಹೊರಟ ಮೈದಾನದ ಗೇಟು ಮುಚ್ಚಿದ್ದರಿಂದ ಬೇರೊಂದು ರಸ್ತೆಯ ಬದಿಯಲ್ಲಿ ಸೈಕಲ್‌ಗಳನ್ನು ಇಳಿಸಿ ಹೋದವು. ಮೊಬೈಲ್ ಬೆಳಕಿನಲ್ಲಿ ಹುಡುಕಿದವರಿಗೆ ಕೆಲವರದು ಸಿಕ್ಕಿತು, ಕೆಲವರದು ಇನ್ನೊಬ್ಬರ ಮನೆ ಸೇರಿತು, ಕೆಲವರದು ಸಿಗಲೇ ಇಲ್ಲ. ಸಿಗದವರು ಪೊಲೀಸ್ ಠಾಣೆಗೆ ಹೋದಾಗ ಫ್ರೇಮ್ ಸಂಖ್ಯೆ ಕೇಳಿದರು. ಆ ಸಂಖ್ಯೆ ಸಾಮಾನ್ಯವಾಗಿ ಪೆಡಲ್ ತಿರುಗುವ ಅಚ್ಚಿನ ಕೆಳಭಾಗದಲ್ಲಿ ಕೊರೆದಿರುತ್ತದೆ. ಅದರ ಫೋಟೋವನ್ನು, ಸೈಕಲ್ ಕೊಂಡ ಬಿಲ್ಲಿನ ಜೊತೆಗೆ, ಇಂದೇ ತೆಗೆದಿಟ್ಟುಕೊಳ್ಳಿ.

ಜನರ ಸ್ಥಿತಿ ಸೈಕಲ್‌ಗಳ ಸ್ಥಿತಿಗಿಂತ ಕೆಟ್ಟದಾಗಿತ್ತು. ಬಂದ ಬಸ್ಸುಗಳು ಎರಡು. ಒಂದರಲ್ಲಿ ಐವತ್ತರಷ್ಟು ಆಸನಗಳೆಂದರೂ ಮೂರನೆಯ ಒಂದು ಪಾಲು ಜನರಿಗೆ ಮಾತ್ರ ಜಾಗ. ಹೆಂಗಸರನ್ನೂ ಚಿಕ್ಕ ಮಕ್ಕಳನ್ನೂ ಮೊದಲು ಹತ್ತಿಸಿದ್ದು ಸರಿಯಾಗಿಯೇ ಇತ್ತು. ಆದರೆ ಉಳಿದ ಹೈಸ್ಕೂಲು ಹುಡುಗರಿಗೆ ಲಾರಿಯಲ್ಲಿ ಸೈಕಲ್‌ಗಳ ಮೇಲೆಯೇ ಕುಳಿತುಕೊಂಡು ಹೋಗುವಂತೆ ಸಂಘಟಕರಲ್ಲೊಬ್ಬರು ಹೇಳಿದರು. ಅಲ್ಲಿದ್ದ ನಿವೃತ್ತ ಶಿಕ್ಷಕರೊಬ್ಬರು ಅಡ್ಡ ನಿಂತು, ‘ಈ ಮಕ್ಕಳನ್ನು ಇದರಲ್ಲಿ ಕಳಿಸಾಕೆ ನಾನು ಬಿಡಂಗಿಲ್ಲ’ ಎಂದು ಖಂಡಿತವಾಗಿ ಹೇಳಿದ್ದರಿಂದ ಅದು ತಪ್ಪಿತು. ಅವರ ಮಾತಿಗೆ ಕಾನೂನಿನ ಆಧಾರವೂ ಇದೆ. ಸರಕು ಸಾಗಿಸುವ ವಾಹನದಲ್ಲಿ ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರಿಗೆ ಅಪಘಾತವಾದರೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಗೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2002ರಲ್ಲಿಯೇ ತೀರ್ಪು ಕೊಟ್ಟಿದೆ. ಸತ್ಕಾರ್ಯಕ್ಕೆ ಹೊರಟ ಮಕ್ಕಳೆಂದು ಆ ನಿಯಮವೇನೂ ಸಡಿಲವಾಗುವುದಿಲ್ಲ.

ಕಾದು ಬೇಸತ್ತ ಹಲವರು ಸೈಕಲ್ ಏರಿ ದಾವಣಗೆರೆಯ ಕಡೆ ಹೊರಟೇಬಿಟ್ಟರು. ಮೈಯಲ್ಲಿ ಆಗಲೇ 60 ಕಿಲೋಮೀಟರಿನ ದಣಿವು, ಮೇಲೆ ಮಧ್ಯಾಹ್ನದ ಬಿಸಿಲು, ಎದುರಿಗೆ ಮುಂಗಾರಿನ ಗಾಳಿ. ಬೆಳಿಗ್ಗೆ ನೀರು ಕೊಟ್ಟ ಟೇಬಲ್‌ಗಳನ್ನು ಎತ್ತಿಯಾಗಿತ್ತು, ಹಿಂದೆ ಬರುತ್ತಿದ್ದ ಬೆಂಗಾವಲು ಜೀಪು ಹೊರಟುಹೋಗಿತ್ತು, ಪೊಲೀಸರ ಬಂದೋಬಸ್ತು ಮುಗಿದಿತ್ತು. ಹೆದ್ದಾರಿಯ ಸರ್ವಿಸ್ ರಸ್ತೆ ಎಲ್ಲ ಕಡೆ ಒಂದೇ ಸಮನೆ ಸಾಗುವುದಿಲ್ಲ. ಅದು ನಿಂತ ಕಡೆಯಲ್ಲೆಲ್ಲ ಸವಾರರು ಭಾರೀ ಲಾರಿಗಳು ಧಾವಿಸುವ ಮುಖ್ಯ ರಸ್ತೆಗೆ ಏರಬೇಕಾಗುತ್ತದೆ. ಭರಮಸಾಗರಕ್ಕೆ ಬರುವ ಮೊದಲೇ ನಮ್ಮ ಗುಂಪಿನ ಹಿರಿಯರೊಬ್ಬರು ತಲೆಸುತ್ತಿ ಕುಸಿದರು. ಸಂಘಟಕರ ಆಂಬುಲೆನ್ಸ್‌ಗೆ ಫೋನ್ ಮಾಡಿದರೆ ಅದು ದಾವಣಗೆರೆಗೆ ಮರಳಿತ್ತು. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸೇರಿಸಿದೆವು. ಅವರು ಚೇತರಿಸಿಕೊಂಡಿದ್ದಾರೆ. ಆದರೆ ಅವರ ಮನೆಯವರ ಆ ಸಂಜೆಯ ಆತಂಕಕ್ಕೆ ಯಾರು ಉತ್ತರ ಕೊಡಬೇಕು?

ಹೊರ ಊರುಗಳಿಂದ ಬಂದವರ ವಿಷಯವನ್ನೂ ಹೇಳಬೇಕು. ಬೆಂಗಳೂರು, ಹುಬ್ಬಳ್ಳಿಗಳಿಂದ ಬಂದವರು ಎರಡು ಗಂಟೆಗೆ ದಾವಣಗೆರೆಯಲ್ಲಿ ಇರುತ್ತೇವೆಂಬ ಮಾತನ್ನು ನಂಬಿ ಸಂಜೆಯ ರೈಲಿಗೆ ಟಿಕೆಟ್ ತೆಗೆದಿದ್ದರು. ಚಿತ್ರದುರ್ಗದಿಂದ ದಾವಣಗೆರೆಗೆ ಬರಲು ಚಿಕ್ಕಜಾಜೂರು ಜಂಕ್ಷನ್‌ನಲ್ಲಿ ಹಳಿ ಬದಲಾಗುವ ಸುತ್ತುಬಳಸಿನ ದಾರಿಯಷ್ಟೇ ಇದ್ದುದರಿಂದ ರೈಲು ಅವರಿಗೆ ಪರ್ಯಾಯವಾಗಲಿಲ್ಲ. ರಸ್ತೆಯಲ್ಲಿ ಹೇಗೋ ಬಂದವರಿಗೂ ಸೈಕಲ್ ಬಂದಿರಲಿಲ್ಲ. ರೈಲಿನ ಬ್ರೇಕ್ ವ್ಯಾನಿನಲ್ಲಿ, ಅಂದರೆ ಸಾಮಾನು ಒಯ್ಯುವ ಬೋಗಿಯಲ್ಲಿ, ಸೈಕಲ್ ಒಯ್ಯುವವರು ಅದನ್ನು ತಮ್ಮ ಟಿಕೆಟ್ಟಿನ ಮೇಲೆ ‘ಲಗೇಜ್’ ಎಂದು ಬುಕ್ ಮಾಡಬೇಕು. ‘ಪಾರ್ಸೆಲ್’ ಎಂದು ಬುಕ್ ಮಾಡಿದರೆ ಅದು ನೀವು ಹತ್ತಿದ ರೈಲಿನಲ್ಲಿಯೇ ಬರುತ್ತದೆಂಬ ಖಾತರಿಯಿಲ್ಲ. ಲಗೇಜ್ ಬುಕ್ ಮಾಡಲು ರೈಲು ಹೊರಡುವುದಕ್ಕಿಂತ ಕನಿಷ್ಠ ಅರ್ಧ ತಾಸು ಮೊದಲೇ ಸೈಕಲ್ ನಿಲ್ದಾಣದಲ್ಲಿರಬೇಕು. ಸೈಕಲ್ಲೇ ರಾತ್ರಿ ಬಂದರೆ ಈ ನಿಯಮ ತಿಳಿದಿದ್ದೂ ಏನು ಪ್ರಯೋಜನ? ಅವರೆಲ್ಲ ಲಾಡ್ಜಿನಲ್ಲಿ ಉಳಿದು, ಸೋಮವಾರದ ಕೆಲಸಕ್ಕೆ ರಜೆ ಹಾಕಬೇಕಾಯಿತು.

ಇಷ್ಟೆಲ್ಲ ಯಾಕಾಯಿತು ಎಂದು ಕೇಳಿದಾಗ ಸಂಘಟಕರು ಕೊಟ್ಟ ಉತ್ತರವನ್ನು ನಾನು ಬಹಳ ಯೋಚಿಸಿದ್ದೇನೆ. ಕೂಡಿದ ಹಣದ ಪ್ರತಿ ಪೈಸೆಯೂ ರೋಗಿಗಳಿಗೇ ಹೋಗಬೇಕೆಂದು ಸಾಗಾಟಕ್ಕೆ ಖರ್ಚು ಮಾಡಲಿಲ್ಲ, ದಾನಿಗಳು ಕೊಟ್ಟ ಲಾರಿ ಬಸ್ಸುಗಳಲ್ಲೇ ನಿಭಾಯಿಸಲು ನೋಡಿದೆವು ಎಂದರು. ಕೇಳಲು ಇದು ತ್ಯಾಗದ ಮಾತು. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಅತಿ ಅಪಾಯಕಾರಿಯಾದ ಮಾತೂ ಇದೇ. ಉಳಿಸಿದ ಆ ವೆಚ್ಚ ಇಲ್ಲವಾಗಲಿಲ್ಲ. ಮುರಿದ ಸೈಕಲ್, ತಪ್ಪಿದ ರೈಲು, ಆಸ್ಪತ್ರೆಯ ಬಿಲ್ಲುಗಳ ರೂಪದಲ್ಲಿ ಸವಾರರ ತಲೆಗೆ ಬಂತು. ಬ್ರಿಟನ್ನಿನಲ್ಲಿ ಹೃದ್ರೋಗ ಸಂಶೋಧನೆಗೆ ಹಣ ಕೂಡಿಸಲು ಪ್ರತಿ ವರ್ಷ ನಡೆಯುವ ಲಂಡನ್–ಬ್ರೈಟನ್ ಸೈಕಲ್ ಸವಾರಿಯೂ 54 ಮೈಲಿಯ, ಒಂದೇ ದಿಕ್ಕಿನ ಸವಾರಿ. ಬ್ರೈಟನ್ನಿನಿಂದ ಹೊರಡುವ ರೈಲುಗಳಲ್ಲಿ ಆ ದಿನ ಸೈಕಲ್ ಒಯ್ಯುವಂತಿಲ್ಲ ಎಂಬುದನ್ನು ಮುಂಚಿತವಾಗಿಯೇ ಪ್ರಕಟಿಸುತ್ತಾರೆ. ಮರಳಲು ಬಸ್ಸು ಮತ್ತು ಸೈಕಲ್ ವಾಹನದ ಜಾಗವನ್ನು ಸವಾರರು ಬೇರೆಯಾಗಿ ಹಣ ಕೊಟ್ಟು ಕಾದಿರಿಸುತ್ತಾರೆ. ನಮ್ಮಲ್ಲೂ ಹೀಗೆಯೇ ಪ್ರತ್ಯೇಕ ಶುಲ್ಕ ಕೇಳಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲ. ಸಾರಿಗೆ ಸಂಸ್ಥೆಯ ಬಸ್ಸುಗಳು ಸಾಂದರ್ಭಿಕ ಒಪ್ಪಂದದ ಮೇಲೆ ಸಿಗುತ್ತವೆ, ಲಾರಿಗಳಿಗಂತೂ ದಾವಣಗೆರೆಯಲ್ಲಿ ಬರವಿಲ್ಲ.

ಹೀಗಾಗಿ ಯಾವುದೇ ಜಾಥಾಕ್ಕೆ ಹಣ ಕಟ್ಟುವ ಮುನ್ನ ಸವಾರರ ಸಂಖ್ಯೆಗೆ ತಕ್ಕಂತೆ ಎಷ್ಟು ಲಾರಿ, ಎಷ್ಟು ಬಸ್ಸು ಗೊತ್ತುಮಾಡಿದ್ದಾರೆಂದು ಕೇಳಿ, ಮೇಲಿನ ಲೆಕ್ಕದೊಂದಿಗೆ ತಾಳೆ ನೋಡಿ. ಸೈಕಲ್ಲಿಗೆ ಸಂಖ್ಯೆಯ ಚೀಟಿ ಮತ್ತು ರಸೀದಿ ಕೊಡುತ್ತಾರೆಯೇ, ಕೊನೆಯ ಸವಾರ ಮನೆಯೂರಿಗೆ ಮರಳುವವರೆಗೆ ಆಂಬುಲೆನ್ಸ್ ಇರುತ್ತದೆಯೇ, ಪೊಲೀಸ್ ಅನುಮತಿ ಯಾವ ಹೊತ್ತಿನವರೆಗೆ ಇದೆ ಎಂಬುದನ್ನೂ ಕೇಳಿ. ಉತ್ತರ ತೃಪ್ತಿಕರವಾಗಿಲ್ಲ, ಆದರೂ ಹೋಗಲೇಬೇಕು ಎನ್ನುವವರು ಆರು ಜನ ಸೇರಿ ಒಂದು ಟಾಟಾ ಏಸ್ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಅದರ ಏಳಡಿ ಉದ್ದದ ಹಾಸಿನಲ್ಲಿ ಆರು ಸೈಕಲ್‌ಗಳನ್ನು ನಿಲ್ಲಿಸಿ ಕಟ್ಟಬಹುದು. ಸಂಘಟಕರಿಗೆ ನನ್ನ ಸಲಹೆಯೆಂದರೆ ಜಾಥಾ ಹೊರಟಲ್ಲೇ ಮುಗಿಯಲಿ. ಅರ್ಧ ದಾರಿಗಿಂತ ತುಸು ಮುಂದಿರುವ ಭರಮಸಾಗರದವರೆಗೆ ಹೋಗಿ ಬಂದರೂ ದೂರ ಅಷ್ಟೇ ಆಗುತ್ತದೆ, ಅಭ್ಯಾಸವಿಲ್ಲದವರಿಗೆ ಹರಿಹರದ ತುಂಗಭದ್ರಾ ತೀರದವರೆಗಿನ ದಾರಿ ಸಾಕು. ಮುಂಗಾರಿನಲ್ಲಿ ಹರಿಹರದ ಕಡೆ ಹೋಗುವಾಗ ಎದುರುಗಾಳಿ, ಮರಳುವಾಗ ಬೆನ್ನುಗಾಳಿ ಸಿಗುವುದು ಇನ್ನೊಂದು ಅನುಕೂಲ.

ಅದೇ ಸಂಘಟಕರು ಅದೇ ಹಾದಿಯಲ್ಲಿ ಮತ್ತೊಂದು ಜಾಥಾವನ್ನು ಈಗ ಘೋಷಿಸಿದ್ದಾರೆ, ಕರಪತ್ರದಲ್ಲಿ ಅದೇ ಕೊನೆಯ ಸಾಲಿದೆ. ವಾಹನಗಳ ಸಂಖ್ಯೆ ಕೇಳಿ ನಾವು ಕೊಟ್ಟ ಪತ್ರಕ್ಕೆ ಇಂದಿನವರೆಗೆ ಉತ್ತರ ಬಂದಿಲ್ಲ. ಬರುವವರೆಗೆ ನಮ್ಮ ಬಡಾವಣೆಯಿಂದ ಯಾರೂ ಹೆಸರು ಕೊಡುವುದಿಲ್ಲವೆಂದು ತೀರ್ಮಾನಿಸಿ, ಈ ಸಲದ ದೇಣಿಗೆಯನ್ನು ಡಯಾಲಿಸಿಸ್ ನಡೆಸುವ ಸೇವಾಸಂಸ್ಥೆಯೊಂದಕ್ಕೆ ನೇರವಾಗಿ ಕೊಟ್ಟು ರಸೀದಿ ಪಡೆದಿದ್ದೇವೆ.